ಅರ್ಜಿಗೆ ಪೋಚ್ ಕೇಳಿದಾಕೆ

ಕ್ಲಾರ್ಕ್ ರಜೆಗೆ ಹೋಗುವ ಹಿಂದಿನ ದಿನ ನನ್ನನ್ನು ತನ್ನ ಕುರ್ಚಿಯಲ್ಲಿ ಕೂಡಿಸಿದ. ಬೈಲಹೊಂಗಲದಲ್ಲಿರುವ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ನಾನು ಸಿಪಾಯಿ. ಆ ಕುರ್ಚಿಯ ಧೂಳನ್ನು ಎಷ್ಟೋ ವರ್ಷ ಒರೆಸಿದ್ದೇನೆ, ಅದರ ಮೇಲೆ ಕುಂತದ್ದು ಅದೇ ಮೊದಲು.

"ಆಯಿ, ಮೂರ ಕೆಲಸ," ಅಂದ. "ಹೊಸಾ ಅರ್ಜಿ ಬಂದ್ರ ಇಲ್ಲಿ ದಪ್ಪ ಅಕ್ಷರದಾಗ ಕಾಣತೈತಿ. ಅದರ ಮ್ಯಾಲ ಎರಡ ಸಲ ಒತ್ತು, ತೆರೀತೈತಿ. ಈ ಚಿತ್ರಾ ಒತ್ತಿದ್ರ ಪ್ರಿಂಟ್ ಬರತೈತಿ. ಪ್ರಿಂಟಿನ ಮ್ಯಾಲ ನಂಬರ ಹಾಕಿ ಆವಕ ವಹಿಯೊಳಗ ಬರಕೊ. ಮುಗೀತು."

"ಹಡ್ಯಾಕಿ ನಿನ್ನ ಹೆಂಡ್ತಿ. ನೀ ಹನ್ನೆರಡ ದಿನ ಅಲ್ಲಿ ಹೋಗಿ ಏನ ಮಾಡಾಂವ?"

"ದವಾಖಾನಿ ಬಾಗಲಾಗ ನಿಲ್ಲತೇನಿ, ಮತ್ತೇನ."

"ನೀ ನಿಂತ್ರ ಕೂಸು ಲಗೂ ಬರತೈತೇನು?"

ಅವನು ನಕ್ಕ. ನಾನೂ ನಕ್ಕೆ. ಆಮೇಲೆ ಒಂದು ತಿಂಗಳು ಆ ಕಚೇರಿಯಲ್ಲಿ ನಾನು ಮತ್ತೆ ನಗಲಿಲ್ಲ.

ಕಿತ್ತೂರಿನಲ್ಲಿ ನಮ್ಮ ಸಂಸ್ಥೆಯ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ. ಅಲ್ಲಿ ಅಡುಗೆ ಮನೆಯ ಉಸ್ತುವಾರಿಗೆ ಒಬ್ಬ ಹೆಣ್ಣುಮಗಳು ಬೇಕೆಂದು ಪೇಪರಿನಲ್ಲಿ ಹಾಕಿಸಿದ್ದರು. ಬರುವ ಅಕ್ಕಿ, ಬೇಳೆ, ಎಣ್ಣೆಯನ್ನು ತೂಗಿ ತೆಗೆದುಕೊಳ್ಳಬೇಕು, ಅಡುಗೆಯವರನ್ನು ನೋಡಿಕೊಳ್ಳಬೇಕು, ಅಲ್ಲೇ ಇರಬೇಕು. ಅರ್ಜಿ ಇ-ಮೇಲ್‌ನಲ್ಲಿ ಮಾತ್ರ, ಯಾರೂ ಕಚೇರಿಗೆ ಬರಬಾರದು ಎಂದು ಕೆಳಗೆ ಬರೆದಿತ್ತು. ಬಂದವರಿಗೆಲ್ಲ ನೀರು ಕೊಟ್ಟು ಉತ್ತರ ಹೇಳಿ ಕಳಿಸುವ ಕೆಲಸ ನಮ್ಮ ಸಾಹೇಬರಿಗೆ, ಅಂದರೆ ಸಂಸ್ಥೆಯ ಕಾರ್ಯದರ್ಶಿಗಳಿಗೆ, ಬೇಡವಾಗಿತ್ತು.

ಕ್ಲಾರ್ಕ್ ಒಂದು ಅರ್ಜಿ ತೆರೆದು ತೋರಿಸುವಾಗ ಪರದೆಯ ನಡುವೆ ಸಣ್ಣದೊಂದು ಚೌಕ ಎದ್ದಿತು. ಇಂಗ್ಲಿಷಿನ ಎರಡು ಸಾಲು, ಕೆಳಗೆ ಎರಡು ಗುಂಡಿ.

"ಇದೇನಪಾ?"

"ಅದನ್ನ ಹಚ್ಚಿಕೋಬ್ಯಾಡ. ಕಳಿಸಿದಾವರು ಪೋಚ್ ಕೇಳಾಕ ಹತ್ಯಾರ. ನೀವು ತೆರದು ನೋಡಿದ್ರ ನಮಗ ತಿಳಿಸ್ರಿ ಅಂತ. ಇದು ಎದ್ದಾಗೊಮ್ಮೆ ನೋ ಒತ್ತು."

"ಯಾಕ? ಮುಟ್ಟಿದ್ದು ಮುಟ್ಟೇತಿ ಅನ್ನಾಕ ಏನ ಧಾಡಿ?"

"ಪೋಚ್ ಕೊಟ್ರ ಬೆನ್ನ ಹಿಂದ ಫೋನ್ ಬರತೈತಿ. ಓದೀರಲ್ಲ, ಏನ ಮಾಡಿದ್ರಿ ಅಂತಾರ. ಸಾಹೇಬ್ರು ಹೇಳ್ಯಾರ, ನೋ ಅಂದ್ರ ನೋ."

ಪೋಚ್ ಅಂದರೆ ನಮ್ಮ ಕಡೆ ಮುಟ್ಟಿದ್ದಕ್ಕೆ ಕೊಡುವ ಗುರುತು. ಈ ಮಾತು ನನಗೆ ಯಾರೂ ಕಲಿಸಬೇಕಾಗಿಲ್ಲ. ನಾಲ್ಕನೇ ಇಯತ್ತೆ ಕಲಿತವಳು ನಾನು. ಮೇಲ್ ಬರುವ ಮುಂಚೆ ಸವದತ್ತಿ, ರಾಮದುರ್ಗ, ಕಿತ್ತೂರಿನ ನಮ್ಮ ಶಾಲೆಗಳಿಗೆ ಬಸ್ಸಿನಲ್ಲಿ ಲಕೋಟೆ ಒಯ್ಯುತ್ತಿದ್ದವಳು ನಾನೇ. ಟಪಾಲು ಬುಕ್ಕಿನಲ್ಲಿ ಸಹಿ ಬೀಳುವ ತನಕ ಲಕೋಟೆ ಕೈ ಬಿಡುತ್ತಿರಲಿಲ್ಲ. ಆದರೆ ಸಹಿ ಕೇಳುವುದಕ್ಕೂ ಒಂದು ರೀತಿ ಇದೆ. ಶುರುವಿನಲ್ಲಿ ನನಗೆ ಅದು ಗೊತ್ತಿರಲಿಲ್ಲ. ಸವದತ್ತಿಯಲ್ಲಿ ಒಬ್ಬ ಹೆಡ್ ಮಾಸ್ತರರು ಊಟ ಮಾಡುತ್ತಿದ್ದಾಗ ಬುಕ್ಕನ್ನು ತಾಟಿನ ಪಕ್ಕದಲ್ಲೇ ಇಟ್ಟುಬಿಟ್ಟೆ. ಬಸ್ಸು ತಪ್ಪುತ್ತದೆಂಬ ಅವಸರ. ಅವರು ಎಡಗೈಯಿಂದ ಗೀಚಿ ಕೊಟ್ಟರು. ಆಮೇಲೆ ಒಂದು ವರ್ಷ, ನಾನು ಹೋದಾಗೊಮ್ಮೆ ಬಿಸಿಲಿನಲ್ಲಿ ಹೊರಗೆ ನಿಲ್ಲಿಸಿದರು. ಕೆಲಸವಿಲ್ಲದಿದ್ದರೂ ನಿಲ್ಲಿಸಿದರು.

ಅಂದಿನಿಂದ ಕಲಿತೆ. ಉಣ್ಣುವವರ ಮುಂದೆ, ಬೈಸಿಕೊಳ್ಳುತ್ತಿರುವವರ ಮುಂದೆ ಬುಕ್ಕು ಚಾಚಬಾರದು. ಪೆನ್ನಿನ ಟೋಪಿ ನಾವೇ ತೆಗೆದು ಕೊಡಬೇಕು. "ಓದಿದ್ದಕ್ಕ ಸಹಿ ಮಾಡ್ರಿ" ಅನ್ನಬಾರದು, "ಮುಟ್ಟಿದ್ದಕ್ಕ ಒಂದ ಸಹಿ ರೀ" ಅನ್ನಬೇಕು. ಓದುವುದು ಅವರ ಮರ್ಜಿ. ಹಾಗೆ ಕೇಳಿದರೆ ಎಂಥ ಮುಂಗೋಪಿಯೂ ಮಾಡುತ್ತಾನೆ.

ಮೊದಲ ಮೂರು ದಿನ ಹೇಳಿದಂತೆ ಮಾಡಿದೆ. ತೆರೆದೆ, ಪ್ರಿಂಟ್ ತೆಗೆದೆ, ನಂಬರ್ ಹಾಕಿದೆ, ಆವಕ ವಹಿಯಲ್ಲಿ ಹೆಸರು, ಊರು, ಫೋನ್ ನಂಬರು, ತಾರೀಖು, ಬಂದ ವೇಳೆ ಬರೆದೆ. ಬಂದ ಟಪಾಲನ್ನೆಲ್ಲ ಏರಿಸುವ ಆ ದಪ್ಪ ವಹಿಯಲ್ಲಿ ನನ್ನ ಅಕ್ಷರ ಹುರಿದ ಶೇಂಗಾ ಚೆಲ್ಲಿದಂತೆ ಕಾಣುತ್ತಿತ್ತು. ಆದರೂ ಓದಲು ಬರುತ್ತಿತ್ತು. ದಿನಕ್ಕೆ ನಾಲ್ಕೈದು ಅರ್ಜಿ. ಕೆಲವಕ್ಕೆ ಚೌಕ ಏಳುತ್ತಿತ್ತು, ಕೆಲವಕ್ಕೆ ಇಲ್ಲ. ಎದ್ದವೆಲ್ಲ ರಾಮದುರ್ಗದ ಒಂದೇ ಕಂಪ್ಯೂಟರ್ ಅಂಗಡಿಯಿಂದ ಬಂದವು ಎಂದು ಎರಡನೇ ದಿನಕ್ಕೆ ತಿಳಿಯಿತು. ಆ ಅಂಗಡಿಯವನು ಯಾರದೇ ಅರ್ಜಿ ಕಳಿಸಲಿ, ಪೋಚ್ ಬೇಕೆಂದು ಹಚ್ಚಿಯೇ ಕಳಿಸುತ್ತಿದ್ದ. ಅರ್ಜಿ ಕಳಿಸಲು ಹೇಳಿದವರಿಗೆ ತಾವು ಹಾಗೆ ಕೇಳಿದ್ದೇವೆಂಬುದೂ ಗೊತ್ತಿರಲಿಕ್ಕಿಲ್ಲ. ಏಳು ಮಂದಿಗೆ ನೋ ಒತ್ತಿದೆ.

ನಾಲ್ಕನೇ ದಿನ ಒಂದು ಅರ್ಜಿ ಎರಡನೇ ಸಲ ಬಂತು. ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಹೆಣ್ಣುಮಗಳದು. ರಾಮದುರ್ಗದ ಒಂದು ಖಾಸಗಿ ಶಾಲೆಯ ಅಡುಗೆ ಮನೆಯಲ್ಲಿ ಆರು ವರ್ಷದ ಅನುಭವ ಎಂದು ಬರೆದಿದ್ದಳು. ಮೇಲೆ ಹೊಸ ಸಾಲು: "ನನ್ನ ಅರ್ಜಿ ಮುಟ್ಟಿದ್ದರೆ ದಯವಿಟ್ಟು ತಿಳಿಸಬೇಕು." ಚೌಕ ಎದ್ದಿತು. ನೋ ಒತ್ತಿದೆ. ಒಂದು ತಾಸು ಆಗಿರಲಿಲ್ಲ, ಫೋನ್ ಹೊಡೆದುಕೊಂಡಿತು.

"ಅಕ್ಕಾರ, ನಾ ಸಾಲಹಳ್ಳಿಯಿಂದ ಮಾತಾಡಾಕ ಹತ್ತೇನಿ. ಕಿತ್ತೂರ ಹಾಸ್ಟೆಲ್ಲಿಗೆ ಅರ್ಜಿ ಹಾಕೇನ್ರಿ. ಮುಟ್ಟೇತೇನ್ರಿ?"

"ಮುಟ್ಟೇತಿ. ಎರಡ ಸಲ ಮುಟ್ಟೇತಿ."

"ಮತ್ತ ಪೋಚ್ ಬರಲಿಲ್ಲಲ್ರಿ. ಅಂಗಡ್ಯಾವರು ದಿನಾ ತೆರದು ನೋಡತಾರ, ಬಂದಿಲ್ಲ ಅಂತಾರ."

"ನೋಡ ತಂಗಿ," ಅಂದೆ, "ಕೆಲಸಾ ಕೇಳಾವರು ಒಮ್ಮೆ ಪೋಚ್ ಕೇಳಬೇಕು. ಎರಡನೇ ಸಲ ಕೇಳಿದ್ರ ತಗಾದಿ. ಮೂರನೇ ಸಲ ಕೇಳಿದ್ರ ಕೋರ್ಟ್ ನೋಟಿಸ. ಕೆಲಸಾ ಕೊಡಾವರಿಗೆ ಯಾರರ ನೋಟಿಸ ಕಳಸತಾರೇನು?"

"ಅಂಗಡ್ಯಾವರು ಈಗರ ಇನ್ನೊಂದ ಕಳಿಸಿ ಬಿಟ್ಟಾರಲ್ರಿ," ಅಂದಳು. ಇನ್ನೊಂದು ಅಂದದ್ದು ಮೂರನೆಯದಕ್ಕೆ. ಆಮೇಲೆ ತಾನಾಗಿಯೇ ಹೇಳಿದಳು. ಹಿಂದೆ ಎರಡು ಕಡೆ ಅರ್ಜಿ ಹಾಕಿದ್ದಳಂತೆ. ಎರಡೂ ಕಡೆ ಕೇಳಲು ಹೋದಾಗ ನಿನ್ನ ಅರ್ಜಿ ಮುಟ್ಟಿಲ್ಲ ಅಂದರಂತೆ. ಕಳಿಸಿದ್ದಕ್ಕೆ ಇವಳ ಕೈಯಲ್ಲಿ ಏನೂ ಇರಲಿಲ್ಲ. "ಅದಕ್ಕ ಈ ಸಲಾ ಪೋಚ್ ಬರೂತನಕಾ ಬಿಡಬಾರದು ಅಂತ ಕುಂತೇನಿ ಅಕ್ಕಾರ. ನಾ ಈಗ ಅಡಗಿ ಮಾಡೂ ಸಾಲ್ಯಾಗೂ ಕೇಳಾಕ ಹತ್ಯಾರ, ಮುಂದಿನ ವರ್ಷಕ್ಕ ಇರತಿಯೋ ಬಿಡತಿಯೋ ಹೇಳ ಅಂತ. ಏನಂತ ಹೇಳಲಿ?"

"ಮುಟ್ಟೇತಿ. ನಾನ ವಹಿಯೊಳಗ ಬರದೇನಿ. ಚಿಂತಿ ಬಿಡು," ಅಂದೆ.

ಚಿಂತಿ ಬಿಡು ಅಂದೆ. ಆ ಎರಡು ಮಾತು ನನ್ನವೇ. ಯಾರೂ ಹೇಳಿಕೊಟ್ಟದ್ದಲ್ಲ.

ಫೋನ್ ಇಟ್ಟು ನೋಡಿದರೆ ಮೂರನೆಯದು ಬಂದು ಕುಂತಿತ್ತು. ದಪ್ಪ ಅಕ್ಷರ, ಅದರ ಪಕ್ಕದಲ್ಲಿ ಕೆಂಪು ಗುರುತು. ಅವಸರದ ಪತ್ರಕ್ಕೆ ಹಚ್ಚುವ ಗುರುತಂತೆ ಅದು. ಅಂಗಡಿಯವನು ಅದನ್ನೂ ಹಚ್ಚಿದ್ದ. ನನಗೇ ಸಿಟ್ಟು ಬಂತು. ತೆರೆಯದೆ ಹಾಗೇ ಬಿಟ್ಟೆ. ಚೌಕದಲ್ಲಿ ಬರುವ ಇಂಗ್ಲಿಷ್ ಸಾಲುಗಳನ್ನು ಹಿಂದಿನ ಸಲ ನೋಡಿ ನೋಡಿ ಒಂದು ಚೀಟಿಯಲ್ಲಿ ಇಳಿಸಿಕೊಂಡಿದ್ದೆ, ಅದನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು ಮನೆಗೆ ಹೋದೆ.

ಮೊಮ್ಮಗಳು ಡಿಗ್ರಿ ಕೊನೆಯ ವರ್ಷ ಓದುತ್ತಾಳೆ. ಚೀಟಿ ತೋರಿಸಿದೆ.

"ಇದೇನಿಲ್ಲ ಆಯಿ. ಕಳಿಸಿದಾವರು ಪೋಚ್ ಕೇಳ್ಯಾರ, ಕಳಸಲೇನು ಅಂತ ನಿನ್ನ ಕೇಳತೈತಿ. ನಿನ್ನ ಮನಸ್ಸು."

"ನಾ ನೋ ಒತ್ತಿದ್ರ ಅವರಿಗೆ ಏನಂತ ಹೋಗತೈತಿ?"

"ಏನೂ ಹೋಗೂದಿಲ್ಲ."

"ನಾ ಇಲ್ಲ ಅಂದೆ ಅಂತ ಹೋಗತೈತಲ್ಲ?"

"ಅದೂ ಹೋಗೂದಿಲ್ಲ. ನೀ ತೆರದೀಯೋ ಇಲ್ಲೋ ಅವರಿಗೆ ಗೊತ್ತ ಆಗೂದಿಲ್ಲ."

ನಾನು ಇಷ್ಟು ದಿನ ತಿಳಿದದ್ದು ಬೇರೆ. ನೋ ಅಂದರೆ, ಸಹಿ ಮಾಡುವುದಿಲ್ಲ ಹೋಗು ಎಂದು ಬಾಗಿಲಲ್ಲಿ ಹೇಳಿದಂತೆ ಎಂದುಕೊಂಡಿದ್ದೆ. ಅದನ್ನಾದರೂ ತಾಳಿಕೊಳ್ಳಬಹುದು. ನನಗೂ ಎಷ್ಟೋ ಮಂದಿ ಹಾಗೆ ಅಂದಿದ್ದಾರೆ, ಅವರ ಹೆಸರು ಬರೆದುಕೊಂಡು ಬಂದಿದ್ದೇನೆ. ಇಲ್ಲಿ ನೋಡಿದರೆ ಬಾಗಿಲು ಬಡಿಯುವವರು ಬಡಿಯುತ್ತಲೇ ಇದ್ದಾರೆ, ಒಳಗಿದ್ದವರು ಉಸಿರು ಹಿಡಿದು ಕುಂತಿದ್ದಾರೆ. ಒಳಗೆ ಕುಂತಾಕೆ ನಾನು.

"ಆದ್ರ ಆಯಿ," ಅಂದಳು ಮೊಮ್ಮಗಳು, "ಕೆಲಸದ ಅರ್ಜಿಗೆ ಹಿಂಗ ಪೋಚ್ ಹಚ್ಚಬಾರದಂತ. ನಮ್ಮ ಕಾಲೇಜಿನ್ಯಾಗೂ ಹೇಳ್ಯಾರ. ಚಲೋ ಅನ್ಸೂದಿಲ್ಲಂತ."

"ಯಾರಿಗೆ?"

"ಅರ್ಜಿ ತಗೊಳ್ಳಾವರಿಗೆ."

"ಕಳಿಸಿದಾವರಿಗೆ?"

"ಅವರನ್ನ ಯಾರ ಕೇಳತಾರ."

ಹುಡುಗಿ ಹೇಳಿದ್ದರಲ್ಲಿ ತಪ್ಪಿಲ್ಲ. ನಾನೂ ಅದನ್ನೇ ಸಾಲಹಳ್ಳಿಯವಳಿಗೆ ಹೇಳಿದ್ದೆ. ಮಾತಿನಲ್ಲಿ ಕೇಳುವುದು ಬೇರೆ. ಅರ್ಜಿಯ ಕೊನೆಗೆ "ಮುಟ್ಟಿದ್ದರೆ ಒಂದು ಸಾಲು ತಿಳಿಸಿ ಉಪಕಾರ ಮಾಡಬೇಕು" ಎಂದು ಬರೆದರೆ ಓದಿದವರಿಗೆ ಅದು ಮನುಷ್ಯರ ಮಾತು. ಬರೆದವರು ಕೇಳಿದ್ದಾರೆ, ಬೇಕಾದರೆ ಕೊಡಬಹುದು. ಈ ಚೌಕ ಹಾಗಲ್ಲ. ಪತ್ರ ಓದುವ ಮುಂಚೆಯೇ ಎದುರು ನಿಂತು ಕೈ ಅಡ್ಡ ಇಡುತ್ತದೆ. ಉಣ್ಣುವವನ ತಾಟಿನ ಪಕ್ಕದಲ್ಲಿ ಬುಕ್ಕು ಇಟ್ಟಂತೆ. ಅದೆಲ್ಲ ಖರೆ. ಆದರೆ ಮಾತಿನಲ್ಲಿ ಕೇಳಿದವರಿಗೂ ನಮ್ಮ ಕಚೇರಿ ಒಂದು ಸಾಲು ಬರೆದದ್ದನ್ನು ನಾನು ಕಂಡಿಲ್ಲ.

ಮರುದಿನ ಹೋದವಳೇ ಆ ಮೂರನೆಯದನ್ನು ತೆರೆದೆ. ಚೌಕ ಎದ್ದಿತು. ಎಸ್ ಒತ್ತಿದೆ.

ಏನೂ ಆಗಲಿಲ್ಲ. ಚೌಕ ಮಾಯವಾಯಿತು, ಅಷ್ಟೇ. ಆಮೇಲೆ ಚೌಕ ಎದ್ದ ಐದು ಅರ್ಜಿಗೂ ಎಸ್ ಒತ್ತಿದೆ. ಹಿಂದೆ ನೋ ಒತ್ತಿದವುಗಳನ್ನು ಮತ್ತೆ ತೆರೆದು ನೋಡಿದೆ. ಚೌಕ ಏಳಲಿಲ್ಲ. ಅದು ಒಂದೇ ಸಲ ಕೇಳುತ್ತದಂತೆ. ಸಾಲಹಳ್ಳಿಯವಳನ್ನು ಬಿಟ್ಟು ಉಳಿದ ಆರು ಮಂದಿಗೆ ನನ್ನ ನೋ ಹಾಗೇ ಉಳಿಯಿತು.

ರಜೆ ಮುಗಿಸಿ ಕ್ಲಾರ್ಕ್ ಪೇಡೆ ಹಿಡಿದು ಬಂದ. ಹೆಣ್ಣು ಕೂಸು. ಪ್ರಿಂಟುಗಳ ಕಟ್ಟನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಕಾರ್ಯದರ್ಶಿಗಳ ಮೇಜಿಗೆ ಒಯ್ದ. ಎಸ್ ಒತ್ತಿದ ಮಾತು ನಾನು ತೆಗೆಯಲಿಲ್ಲ.

ಮಧ್ಯಾಹ್ನ ಚಹಾ ಒಯ್ದಾಗ ಕಾರ್ಯದರ್ಶಿಗಳು ಹಾಳೆ ತಿರುವುತ್ತಿದ್ದರು, ಕ್ಲಾರ್ಕ್ ಪಕ್ಕದಲ್ಲಿ ನಿಂತಿದ್ದ. ಸಾಲಹಳ್ಳಿಯ ಅರ್ಜಿಯ ಮೂರೂ ಪ್ರಿಂಟು ಅವರ ಕೈಯಲ್ಲಿದ್ದವು.

"ಯಾರೋ ಇಕಿ? ಒಂದ ಕೆಲಸಕ್ಕ ಮೂರ ಸಲ ಕಳಿಸ್ಯಾಳ. ಮುಟ್ಟಿದ್ದು ತಿಳಿಸಬೇಕು ಅಂತ ಬ್ಯಾರೆ."

"ರಾಮದುರ್ಗದ ಕಡ್ಯಾಕೀರಿ," ಅಂದ ಕ್ಲಾರ್ಕ್. "ಅನುಭವ ಐತ್ರಿ."

"ಅನುಭವ ತಗೊಂಡ ಏನ ಮಾಡೂದು. ಅರ್ಜಿಗೇ ಇಷ್ಟ ಪೋಚ್ ಕೇಳಾಕಿ, ನಾಳೆ ಉಗ್ರಾಣದಾಗ ಕುಂತ್ರ ಪ್ರತಿ ಚೀಲಕ್ಕ ತೂಕಾ ಕೇಳತಾಳ, ಸಹಿ ಕೇಳತಾಳ. ನಮ್ಮ ಕಿರಾಣಿಯಾಂವ ಓಡಿ ಹೋಗತಾನ." ನಕ್ಕರು. ಮೂರು ಹಾಳೆಗಳನ್ನು ಕಟ್ಟಿನಿಂದ ತೆಗೆದು ಮೇಜಿನ ಡ್ರಾದಲ್ಲಿ ಹಾಕಿದರು. "ಕೇಳಿದ್ರ ಮುಟ್ಟಿಲ್ಲ ಅನ್ನು."

ಕ್ಲಾರ್ಕ್ ಹೂಂ ಅಂದ. ನಾನು ಕಪ್ಪು ಇಟ್ಟೆ, ತಟ್ಟೆ ಇಟ್ಟೆ, ಹೊರಗೆ ಬಂದೆ.

ಬಾಯಿ ಬಿಡಲಿಲ್ಲ. ನನ್ನ ನೌಕರಿಯ ವಯಸ್ಸು ಮುಗಿದಿದೆ. ವರ್ಷ ವರ್ಷ ಸಾಹೇಬರ ಒಂದು ಸಹಿಯ ಮೇಲೆ ಮುಂದುವರಿದವಳು ನಾನು. ಅದು ಒಂದು ಕಾರಣ. ಇನ್ನೊಂದು ಹೇಳಬೇಕೆಂದರೆ, ನನ್ನ ಕೆಲಸ ಮುಟ್ಟಿಸುವುದು, ಮುಂದಿನದು ಅವರದು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದು ಬಹಳ ಸುಲಭ. ಅವಳಿಗೆ ಫೋನ್ ಮಾಡಿ, ಇದ್ದ ಕೆಲಸ ಬಿಡಬೇಡ ಎಂದು ಒಂದು ಮಾತು ಹೇಳಬಹುದಿತ್ತು. ನಂಬರು ವಹಿಯಲ್ಲೇ ಇತ್ತು, ನನ್ನ ಅಕ್ಷರದಲ್ಲೇ. ಹತ್ತು ದಿನ ಹಾಗೇ ಹೋದವು.

ಸಂದರ್ಶನದ ದಿನ ಎಂಟು ಹೆಣ್ಣುಮಕ್ಕಳನ್ನು ಕರೆದಿದ್ದರು. ಹತ್ತು ಗಂಟೆಗೆ ಬೆಂಚು ತುಂಬಿತ್ತು. ಹತ್ತೂವರೆಗೆ ಒಂಬತ್ತನೆಯವಳು ಬಂದಳು. ಇಳಕಲ್ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಹಣೆ ಬೆವರಿತ್ತು. ಬಾಯಿ ತೆರೆದ ಕೂಡಲೇ ದನಿಯ ಗುರುತು ಹತ್ತಿತು.

"ಸಾಲಹಳ್ಳಿಯಾಕೀರಿ ನಾ. ನನಗ ಕರೆ ಬರಲಿಲ್ಲ, ಆದ್ರ ಇವತ್ತ ಐತಿ ಅಂತ ಅಂಗಡ್ಯಾಗ ಗೊತ್ತಾತು, ಬಂದೇನಿ."

ಕ್ಲಾರ್ಕ್ ತಲೆ ಎತ್ತದೆ ಅಂದ: "ನಿಮ್ಮ ಅರ್ಜಿ ಮುಟ್ಟಿಲ್ಲ."

ಅವಳು ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಅಂಗಡಿಯವನು ತೆಗೆದು ಕೊಟ್ಟ ಪ್ರಿಂಟು. ನಾನು ಒತ್ತಿದ ಎಸ್, ಅಲ್ಲಿ ಹೋಗಿ ಹಾಳೆಯಾಗಿ ತಿರುಗಿ ಬಂದಿತ್ತು. ತಾರೀಖು ಇತ್ತು, ವೇಳೆ ಇತ್ತು, ನಮ್ಮ ಕಚೇರಿಯ ಮೇಲ್ ವಿಳಾಸ ಇತ್ತು.

ಕ್ಲಾರ್ಕ್ ಹಾಳೆ ನೋಡಿದ, ನನ್ನನ್ನು ನೋಡಿದ. "ಆಯಿ, ನಿನಗ ನೋ ಒತ್ತು ಅಂದಿದ್ದೆ."

"ಅಂದಿದ್ದಿ. ನಾ ಎಸ್ ಒತ್ತಿದೆ."

ಬೆಂಚಿನ ಮೇಲಿದ್ದವರೆಲ್ಲ ಇತ್ತ ತಿರುಗಿದರು. ಗದ್ದಲಕ್ಕೆ ಕಾರ್ಯದರ್ಶಿಗಳು ಹೊರಗೆ ಬಂದರು. ಹಾಳೆ ತೆಗೆದುಕೊಂಡು ಪೂರ್ತಿ ಓದಿದರು. ಆಮೇಲೆ ಅವಳ ಮುಂದೆ ಹಿಡಿದು, ಕೆಳಗಿನ ಸಣ್ಣ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲೇನ ಬರದೈತಿ ಗೊತ್ತೇನು? ಈ ಪತ್ರ ಆ ಕಡ್ಯಾವರ ಕಂಪ್ಯೂಟರ್ ಪರದೆ ಮ್ಯಾಲ ಕಂಡೈತಿ, ಅಷ್ಟ. ಅವರು ಓದ್ಯಾರ, ತಿಳಕೊಂಡಾರ ಅನ್ನೂದಕ್ಕ ಖಾತ್ರಿ ಇಲ್ಲ. ನಾ ಅಂತಿಲ್ಲವಾ, ನಿನ್ನ ಪೋಚ್ ಅಂತೈತಿ."

ಅವಳು ಆ ಬೆರಳಿನ ಕಡೆ ಬಗ್ಗಿದಳು. ಹಾಳೆಯನ್ನೇ ನೋಡುತ್ತ ನಿಂತಳು. ಎಷ್ಟು ದಿನ ಕಾಯ್ದು ಪಡೆದ ಕಾಗದ, ಅದರ ಬುಡದಲ್ಲೇ ಅದನ್ನು ಸುಳ್ಳು ಮಾಡುವ ಸಾಲು ಇತ್ತು. ಅಂಗಡಿಯವನೂ ಓದಿ ಹೇಳಿರಲಿಲ್ಲ.

ನಾನು ಒಳಗೆ ಹೋಗಿ ಆವಕ ವಹಿ ತಂದೆ. ಪುಟ ತೆಗೆದು ಅವರ ಕೈಯಲ್ಲೇ ಇಟ್ಟೆ.

"ಪರದೆ ಮ್ಯಾಲ ಕಂಡಿದ್ದಷ್ಟ ಅಲ್ರಿ. ಪ್ರಿಂಟ್ ತಗದೇನಿ, ನಂಬರ ಹಾಕೇನಿ, ಇಲ್ಲಿ ಬರದೇನಿ. ಮೂರೂ ಸಲದ್ದು ಐತಿ. ನಾ ಓದೇನ್ರಿ. ಆರ ವರ್ಷದ ಅನುಭವ ಐತಿ ಅಕೀಗೆ."

ಹಾಳೆಗಳು ನಿಮ್ಮ ಡ್ರಾದಲ್ಲಿವೆ ಎಂದು ಮಾತ್ರ ಅನ್ನಲಿಲ್ಲ. ಅಷ್ಟು ಮಂದಿಯ ಮುಂದೆ ಅವರನ್ನು ಹಿಡಿದು ಹಾಕುವಷ್ಟು ಧೈರ್ಯ ಆಗಲೂ ಬರಲಿಲ್ಲ. ನಾನು ಹೇಳದೆ ಬಿಟ್ಟ ಮಾತೂ ಅವರಿಗೆ ತಿಳಿಯಿತು. ವಹಿ ಮುಚ್ಚಿ ನನ್ನ ಕೈಗೆ ಕೊಟ್ಟು, "ಆತು, ಕುಂದರ್ಲಿ. ಕಡೀಗೆ ಕರೀತೇವಿ," ಅಂದರು.

ಅವಳು ಬೆಂಚಿನ ತುದಿಗೆ ಕುಂತಳು. ನೀರು ಕೊಟ್ಟೆ. "ನೀವ ಅಲ್ರಿ ಫೋನ್ಯಾಗ ಮಾತಾಡಿದಾವರು?" ಅಂದಳು. ಹೌದು ಅಂದೆ. "ದೇವರಂಗ ಸಿಕ್ಕ್ರಿ ಆಯಿ." ನಾನು ಗ್ಲಾಸು ತೆಗೆದುಕೊಂಡು ಒಳಗೆ ಹೋದೆ. ಹತ್ತು ದಿನ ಹಿಂದಿನ ಚಹಾದ ಕಥೆ ಅವಳಿಗೆ ಗೊತ್ತಿರಲಿಲ್ಲ.

ಒಂದೂವರೆಗೆ ಕರೆದರು. ಉಳಿದವರನ್ನು ಕಾಲು ತಾಸು ಕೂಡಿಸಿಕೊಂಡಿದ್ದವರು ಇವಳನ್ನು ಕೂಡು ಎಂದೂ ಅನ್ನಲಿಲ್ಲ. ಬಾಗಿಲು ತೆರೆದೇ ಇತ್ತು.

"ನಾವು ಪೋಚ್ ಕೊಡಲಿಲ್ಲ ಅಂದ್ರ ಏನ ಮಾಡತಿದ್ದಿ?"

"ಮತ್ತೊಮ್ಮೆ ಕೇಳತಿದ್ದೆ ರೀ."

"ಆವಾಗೂ ಕೊಡಲಿಲ್ಲ ಅಂದ್ರ?"

"ಬಂದ ಕೇಳತಿದ್ದೆ ರೀ."

"ಸರಿ, ಹೋಗು."

ಅವಳ ಸಂದರ್ಶನ ಅಷ್ಟೇ. ಹೊರಗೆ ಬಂದವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಸಂಜೆಗೆ ಪಟ್ಟಿ ಹಚ್ಚಿದರು. ಬೇರೆಯವಳ ಹೆಸರು. ಅವಳು ಮೊದಲ ಎಂಟು ಮಂದಿಯಲ್ಲಿ ಮೂರನೆಯವಳು. ಕೆಟ್ಟವಳಲ್ಲ, ಅಡುಗೆಯೂ ಬರುತ್ತಿರಬೇಕು.

ನನಗೇನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ಕಾರ್ಯದರ್ಶಿಗಳು ಮರುದಿನ ಕರೆದು, "ಏನಬೇ, ಈ ವಯಸ್ಸಿನ್ಯಾಗ ಕಂಪ್ಯೂಟರ್ ಚಾಕರಿ ಯಾಕ ಬೇಕು ನಿನಗ? ಚಹಾ ಚಲೋ ಮಾಡತಿ, ಅದನ್ನ ಮಾಡು," ಅಂದರು. ಆ ತಿಂಗಳ ಕೊನೆಗೆ ನನ್ನ ಮುಂದುವರಿಕೆಯ ಕಾಗದಕ್ಕೆ ಸಹಿ ಮಾಡಿಯೇ ಕೊಟ್ಟರು. ಕ್ಲಾರ್ಕ್ ಕಂಪ್ಯೂಟರಿನಲ್ಲಿ ಏನೋ ತಿದ್ದಿದ. ಈಗ ಯಾರು ಪೋಚ್ ಕೇಳಿದರೂ ಚೌಕ ಏಳುವುದೇ ಇಲ್ಲ. ಕೇಳಿದ್ದು ನಮಗೂ ಗೊತ್ತಾಗುವುದಿಲ್ಲ. "ಯಾರಿಗೂ ತ್ರಾಸ ಇಲ್ಲ," ಅಂದ.

"ನಿನಗ ತ್ರಾಸ ಇಲ್ಲ," ಅಂದೆ. ಅವನು ಕೂಸಿನ ಫೋಟೋ ತೋರಿಸಿದ. ನೋಡಿ, ಚಲೋ ಐತಿ ಅಂದೆ.

ಒಂದು ವಾರದ ಮೇಲೆ ಅಂಗಡಿಯ ಮೇಲ್‌ನಿಂದ ಸಾಲಹಳ್ಳಿಯವಳ ನಾಲ್ಕು ಸಾಲು ಬಂದವು, ಕ್ಲಾರ್ಕ್ ಓದಿ ಹೇಳಿದ. ನಾನು ನಗಲಿ ಎಂದು ಓದಿದ. "ನಿಮ್ಮ ಪೋಚ್ ನಂಬಿ ಶಾಲೆಯ ಅಡುಗೆ ಕೆಲಸಕ್ಕೆ ಮುಂದಿನ ವರ್ಷ ಬರುವುದಿಲ್ಲವೆಂದು ಹೇಳಿದ್ದೆ. ಅಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದಾರೆ. ನಿಮಗೆ ತಿಳಿದಿರಲಿ ಎಂದು ಬರೆದಿದ್ದೇನೆ." ಉತ್ತರ ಕೊಡಿ ಎಂದು ಕೇಳಿರಲಿಲ್ಲ.

ಶನಿವಾರ ರಜೆ ಹಾಕಿ ಬೆಳಿಗ್ಗೆ ಸವದತ್ತಿ ಬಸ್ಸು ಹತ್ತಿದೆ. ಅಲ್ಲಿಂದ ರಾಮದುರ್ಗ. ಆ ಖಾಸಗಿ ಶಾಲೆ ಹುಡುಕುವುದು ಕಷ್ಟವಾಗಲಿಲ್ಲ, ಟಪಾಲಿನ ಕಾಲದಲ್ಲಿ ಅದರ ಮುಂದೆಯೇ ಓಡಾಡಿದವಳು. ಹೆಡ್ ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ, ಕೂಡಿಸಿ ಮಾತಾಡಿಸಿದರು. ನಡೆದದ್ದನ್ನು ಹೇಳಿದೆ. ತಪ್ಪು ನನ್ನದು, ಅವಳನ್ನು ತಿರುಗಿ ಕರೆದುಕೊಳ್ಳಿರಿ ಅಂದೆ.

"ಅಕಿ ಕೆಲಸಾ ನನಗ ಗೊತ್ತಿಲ್ಲೇನ್ರಿ? ಒಂದ ಕಾಳ ದಂಡ ಆಗತಿದ್ದಿಲ್ಲ," ಅಂದರು ಆಕೆ. "ನಾನ ಎರಡ ಸಲ ಕೇಳಿದೆ, ಬಿಡತಿಯೇನವಾ, ವಿಚಾರ ಮಾಡು ಅಂತ. ಪೋಚ್ ಬಂದೈತ್ರಿ, ಕಚೇರ್ಯಾವರು ಚಿಂತಿ ಬಿಡು ಅಂದಾರ್ರಿ ಅಂದ್ಲು. ಈಗ ತಗೊಂಡಾಕೀಗೆ ಗಂಡ ಇಲ್ಲ, ಎರಡ ಮಕ್ಕಳು. ಅಕೀನ್ನ ಹೆಂಗ ತಗೀಲಿ? ನೀವ ಹೇಳ್ರಿ."

ಅವರಿಗೆ ಕೈ ಮುಗಿದೆ. ಎದ್ದೆ.

ಸಾಲಹಳ್ಳಿಗೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಅವಳು ಕಟ್ಟೆಯ ಮೇಲೆ ಕುಂತು ಯಾರದೋ ಹೊಲದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಮುಖದಲ್ಲಿ ಸಂತೋಷವೇ ಇತ್ತು. ನಾನು ಏನೋ ಒಳ್ಳೆಯ ಸುದ್ದಿ ತಂದಿದ್ದೇನೆ ಎಂದುಕೊಂಡಿರಬೇಕು. ಅದಕ್ಕೇ ಮೊದಲು ಶಾಲೆಯ ಮಾತು ಮುಗಿಸಿದೆ. ಆಮೇಲೆ ಡ್ರಾದ ಮಾತು, ಚಹಾದ ಮಾತು ಹೇಳಿದೆ. ಒಂದನ್ನೂ ಬಿಡಲಿಲ್ಲ.

"ಅಂದ್ರ ಹತ್ತ ದಿನ ಮೊದಲ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ನನ್ನ ನಂಬರ ಇರಲಿಲ್ಲೇನು?"

"ಇತ್ತು."

"ಹತ್ತ ದಿನದಾಗ ಒಂದ ಫೋನ್ ಮಾಡಿದ್ರ ನಾ ಹೆಡ್ ಬಾಯಾರಿಗೆ ಇರತೇನಿ ಅಂತಿದ್ದೆ. ಅವರು ಅದರಾಗ ಐದ ದಿನ ಕಾಯ್ದಾರ ನನಗ. ಮತ್ತ ಯಾಕ ಮಾಡಲಿಲ್ಲ?"

"ಅಂಜಿದ್ದೆ."

"ಈ ವಯಸ್ಸಿನ್ಯಾಗ?"

"ಈ ವಯಸ್ಸಿನ್ಯಾಗ."

ಆಮೇಲೆ ಅವಳು ಬೈದಳು. ದನಿ ಏರಿಸಲಿಲ್ಲ, ಮೆಣಸಿನಕಾಯಿ ಮುರಿಯುತ್ತಲೇ ಬೈದಳು. ನೀವು ಆ ಪೋಚ್ ಕಳಿಸದೇ ಇದ್ದಿದ್ದರೆ ನನ್ನ ಕೆಲಸ ನನಗೆ ಇರುತ್ತಿತ್ತು ಅಂದಳು. ಸಾಹೇಬನು ಮೋಸ ಮಾಡಿದ್ದು ಸಹಜ, ಅವನ ಕೆಲಸವೇ ಅದು, ಒಳಗಿದ್ದ ನಿಮ್ಮನ್ನು ನಂಬಿದ್ದು ನನ್ನ ಹುಚ್ಚು ಅಂದಳು. ಮುಟ್ಟಿದೆ ಎಂದು ಹೇಳಿದಾಕೆ ಬೇಡವೆಂದದ್ದನ್ನೂ ಹೇಳಬೇಕಿತ್ತು ಅಂದಳು. ಒಂದು ಮಾತೂ ಸುಳ್ಳಿರಲಿಲ್ಲ.

ಬೈಯುವುದು ಮುಗಿದ ಮೇಲೆ ಕೇಳಿದಳು: "ಇಷ್ಟ ಹೇಳಾಕ ಬೈಲಹೊಂಗಲದಿಂದ ಬಂದ್ರೇನು?"

"ಹೇಳಾಕ ಅಲ್ಲ. ಬೈಸಿಕೊಳ್ಳಾಕ."

"ಬೈದಾತು," ಅಂದಳು. "ಐದಕ್ಕ ಬಸ್ ಐತಿ. ಒಳಗ ಬರ್ರಿ ಅನ್ನೂದಿಲ್ಲ ನಾ."

"ಅನ್ನಬ್ಯಾಡ," ಅಂದೆ.